ಇಂದೋರಿನ ಗುಂಡಿ, ಬೆಂಗಳೂರಿನ ಗುಂಡಿ

ಪುಣೆಯ ನಮ್ಮ ಮನೆಯ ಬಾಲ್ಕನಿಯಲ್ಲಿ ಗೊಬ್ಬರಕ್ಕೆಂದೇ ಎರಡು ಮಣ್ಣಿನ ಕುಂಡಗಳಿವೆ. ಒಂದಕ್ಕೆ ತರಕಾರಿ ಸಿಪ್ಪೆ, ಒಣ ಎಲೆ ಹಾಕಿ ಆಗಾಗ ಕೋಲಿನಿಂದ ಕೆದಕುತ್ತೇನೆ. ಇನ್ನೊಂದನ್ನು ತುಂಬಿಸಿ, ಮೇಲೆ ಮಣ್ಣು ಮೆತ್ತಿ, ಮರೆತುಬಿಡುತ್ತೇನೆ. ಮೊದಲನೆಯದು ಮೂರು ತಿಂಗಳಿಗೆ ಗೊಬ್ಬರವಾಗುತ್ತದೆ. ಎರಡನೆಯದಕ್ಕೆ ಆರೆಂಟು ತಿಂಗಳು ಬೇಕು. ಕೃಷಿ ಪಠ್ಯಪುಸ್ತಕಗಳಲ್ಲಿ ಈ ಎರಡು ದಾರಿಗಳಿಗೂ ನಮ್ಮ ದೇಶದ ಊರುಗಳ ಹೆಸರೇ ಇದೆ: ಇಂದೋರ್ ವಿಧಾನ, ಬೆಂಗಳೂರು ವಿಧಾನ.

ಇಂದೋರಿನದು ಮೊದಲು. ಆಲ್ಬರ್ಟ್ ಹೋವರ್ಡ್ 1905ರಲ್ಲಿ ಸಸ್ಯವಿಜ್ಞಾನಿಯಾಗಿ ಬಿಹಾರದ ಪೂಸಾಕ್ಕೆ ಬಂದವರು. ಇಲ್ಲಿನ ರೈತರನ್ನೂ ಬೆಳೆ ತಿನ್ನುವ ಕೀಟಗಳನ್ನೂ ತನ್ನ ಗುರುಗಳೆಂದು ಮುಂದೆ ಅವರೇ ಬರೆದುಕೊಂಡರು. ದೊರೆಗಳ ಕಾಲದ ಅಧಿಕಾರಿಯ ಬಾಯಲ್ಲಿ ಇದು ಸಣ್ಣ ಮಾತಲ್ಲ. 1924ರಲ್ಲಿ ಇಂದೋರಿನಲ್ಲಿ ಸಸ್ಯ ಸಂಶೋಧನಾ ಸಂಸ್ಥೆ ಆರಂಭವಾದಾಗ ಅವರಿಗೆ ಎದುರಾದದ್ದು ನಮಗೆಲ್ಲ ಗೊತ್ತಿರುವ ತೊಡಕು. ಸಗಣಿಯಲ್ಲಿ ದೊಡ್ಡ ಪಾಲು ಕುಳ್ಳಾಗಿ ಒಲೆ ಸೇರುತ್ತದೆ, ಹೊಲಕ್ಕೆ ಉಳಿಯುವುದು ಕಡಿಮೆ. ಹಾಗಾದರೆ ಇರುವಷ್ಟು ಸಗಣಿಯನ್ನು ಹೆಪ್ಪಿನಂತೆ ಬಳಸಿ, ಹೊಲದ ಕಸವನ್ನೆಲ್ಲ ಗೊಬ್ಬರ ಮಾಡಬಹುದೇ?

ಹತ್ತಿಕಟ್ಟಿಗೆಯಂಥ ಗಟ್ಟಿ ಕಸವನ್ನು ಗಾಡಿದಾರಿಯ ಮೇಲೆ ಹರವಿ, ಚಕ್ರಗಳಿಂದ ಜಜ್ಜಿಸಿದರು. 30 ಅಡಿ ಉದ್ದ, 14 ಅಡಿ ಅಗಲ, ಬರೀ 2 ಅಡಿ ಆಳದ ಗುಂಡಿ. ಕಸ, ಸಗಣಿ, ದನದ ಗಂಜಲ ಹೀರಿದ ಕೊಟ್ಟಿಗೆ ಮಣ್ಣು, ಬೂದಿ. ಮೂರು ಸಲ ಮಗುಚುವುದು. ಇಂಗಾಲ 33 ಪಾಲಿಗೆ ಸಾರಜನಕ 1 ಪಾಲು ಇದ್ದರೆ ಕೆಲಸ ಚೆನ್ನಾಗಿ ಸಾಗುತ್ತದೆಂಬುದು ಅವರ ಲೆಕ್ಕ. ಬರೀ ಸಿಪ್ಪೆ ತುಂಬಿದ ಕುಂಡ ನಾರುವುದೂ, ಒಂದು ಬೊಗಸೆ ಒಣ ಎಲೆ ಬಿದ್ದೊಡನೆ ಸುಧಾರಿಸುವುದೂ ಇದೇ ಲೆಕ್ಕಕ್ಕೆ. ಮಳೆಗಾಲದಲ್ಲಿ ಹೋವರ್ಡ್ ಗುಂಡಿ ಬಿಟ್ಟು ನೆಲದ ಮೇಲೆ ರಾಶಿ ಹಾಕಿಸುತ್ತಿದ್ದರು. ಮುಂಬೈ, ಪುಣೆಯವರು ಕುಂಡದ ತಳಕ್ಕೆ ತೂತು ಕೊರೆಯಬೇಕಾದ ಕಾರಣವೂ ಅದೇ, ನೀರು ನಿಲ್ಲಬಾರದು. ಯಶವಂತ ವಾಡ್ ಜೊತೆ ಅವರು ಬರೆದ ಪುಸ್ತಕ 1931ರಲ್ಲಿ ಬಂತು.

ಆದರೆ ಮಗುಚಲು ಆಳು ಬೇಕು, ನೀರು ಬೇಕು. 1939ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಸಿ. ಎನ್. ಆಚಾರ್ಯ ಇದನ್ನು ಬಿಟ್ಟು ಬೇರೆ ದಾರಿ ಹಿಡಿದರು. ಅವರ ಮುಂದಿದ್ದದ್ದು ಹೊಲದ ಕಸವಲ್ಲ, ಪಟ್ಟಣದ್ದು: ಬೀದಿಕಸ ಮತ್ತು ಕಕ್ಕಸುಗಳ ಮಲ. ಒಂದು ಪದರ ಕಸ, ಒಂದು ಪದರ ಮಲ, ಹೀಗೆ ಗುಂಡಿ ತುಂಬಿಸಿ ಮೇಲೆ ಮಣ್ಣು ಮೆತ್ತುವುದು. ಮೊದಲ ದಿನಗಳ ಕಾವಿಗೆ ರೋಗಾಣು, ನೊಣದ ಮರಿ ಸಾಯುತ್ತವೆ. ಆಮೇಲೆ ಗಾಳಿಯಿಲ್ಲದೆ ನಿಧಾನವಾಗಿ ಕೊಳೆಯುತ್ತದೆ. ಮಗುಚುವ ಕೆಲಸವಿಲ್ಲ, ಸಾರಜನಕದ ನಷ್ಟವೂ ಕಡಿಮೆ. ನಗರಸಭೆಗಳಿಗೆ ಇದು ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಮಗುಚುವ ಆಳು ಉಳಿದ, ಸರಿ. ಮಲವನ್ನು ಗುಂಡಿಯವರೆಗೆ ತಂದವರು? ಆ ಕಾಲದ ಪಟ್ಟಣಗಳಲ್ಲಿ ಅದು ಜಾತಿಯಿಂದ ಗೊತ್ತಾಗಿದ್ದ ಕೆಲಸ. ಬಕೆಟ್ಟು, ತಲೆಯ ಮೇಲಿನ ಬುಟ್ಟಿ. ಆಚಾರ್ಯರ ಗುಂಡಿ ಊರನ್ನು ನೊಣದಿಂದ ಕಾಪಾಡಿತು, ಆ ತಲೆಯನ್ನು ಬುಟ್ಟಿಯಿಂದ ಬಿಡಿಸಲಿಲ್ಲ. ಅದು ವಿಜ್ಞಾನಿಯ ಕೈಲಿದ್ದ ವಿಷಯವೂ ಅಲ್ಲವೆನ್ನಿ. 1970ರ ದಶಕದ ಆರಂಭದಲ್ಲಿ, ದೇವರಾಜ ಅರಸು ಸಂಪುಟದ ಮಂತ್ರಿ ಬಿ. ಬಸವಲಿಂಗಪ್ಪ ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಕೇಂದ್ರದ ಕಾನೂನು ಬಂದದ್ದು 1993ರಲ್ಲಿ. ಅದು ಸಾಲದೆ 2013ರಲ್ಲಿ ಇನ್ನೊಂದು.

ನಮ್ಮಜ್ಜನ ಮನೆಯಲ್ಲಿ ದೀಪಾವಳಿಗೆ ತಿಪ್ಪೆಗೂ ದೀಪ ಇಡುತ್ತಿದ್ದರು. ಹೋದ ವಾರ ಫೋನಿನಲ್ಲಿ ಅಮ್ಮನನ್ನು ಕೇಳಿದೆ, ಆ ತಿಪ್ಪೆ ಅಗೆದು ಗಾಡಿಗೆ ತುಂಬುತ್ತಿದ್ದವರು ಯಾರು ಅಂತ. ಎತ್ತುಗಳ ಹೆಸರು ಥಟ್ಟನೆ ಹೇಳಿದಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೇರಿಯಿಂದ ಬರೋರು ಕಣೋ" ಅಂದಳು.