ತಿನ್ನುವ ಮನೆಯ ಚರಿತ್ರೆ



ಗೋಡೆ, ಮಾಡು, ಬಾಗಿಲು, ಕಿಟಕಿ ಎಲ್ಲವನ್ನೂ ಮುರಿದು ತಿನ್ನಬಹುದಾದ ಒಂದು ಪುಟ್ಟ ಮನೆ ನಿಮ್ಮ ಮುಂದಿದೆ ಎಂದು ಕಲ್ಪಿಸಿಕೊಳ್ಳಿ. ಯೂರೋಪು, ಅಮೆರಿಕಗಳಲ್ಲಿ ಕ್ರಿಸ್‌ಮಸ್ ಹತ್ತಿರವಾದಂತೆ ಮಕ್ಕಳು ಇಂತಹ ಮನೆಗಳನ್ನು ಕಟ್ಟುತ್ತಾರೆ. ಶುಂಠಿ, ಜೇನು ಅಥವಾ ಬೆಲ್ಲದ ಪಾಕ ಬೆರೆಸಿದ ಹಿಟ್ಟನ್ನು ಸುಟ್ಟು ಮಾಡಿದ ಈ ತಿನಿಸಿಗೆ ಜಿಂಜರ್‌ಬ್ರೆಡ್ ಎಂದು ಹೆಸರು. ಇದು ಬರಿಯ ಮಕ್ಕಳಾಟವಲ್ಲವೇ, ಇದರಲ್ಲಿ ಚರಿತ್ರೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಬನ್ನಿ, ಈ ಮನೆಯ ಒಂದೊಂದೇ ಸಾಮಗ್ರಿಯನ್ನು ವಿಚಾರಿಸೋಣ.

ಮೊದಲು ಗೋಡೆ. ಜರ್ಮನಿಯ ನ್ಯೂರೆಂಬರ್ಗ್ ನಗರ ಮಧ್ಯಯುಗದಿಂದಲೂ 'ಲೇಬ್‌ಕೂಖೆನ್' ಎಂಬ ಜೇನಿನ ರೊಟ್ಟಿಗೆ ಹೆಸರಾಗಿದೆ. ಊರಿನ ಸುತ್ತಲಿನ ಕಾಡಿನಲ್ಲಿ ಜೇನು ಧಾರಾಳವಾಗಿತ್ತು. ದೊಡ್ಡ ವ್ಯಾಪಾರ ಮಾರ್ಗಗಳು ಅಲ್ಲಿ ಕೂಡುತ್ತಿದ್ದುದರಿಂದ ಸಂಬಾರ ಪದಾರ್ಥಗಳೂ ಸಿಗುತ್ತಿದ್ದವು. 1643ರಲ್ಲಿ ಈ ರೊಟ್ಟಿ ಮಾಡುವವರು ಸಾಮಾನ್ಯ ರೊಟ್ಟಿಯವರಿಂದ ಬೇರೆಯಾಗಿ ತಮ್ಮದೇ ಕಸುಬಿನ ಸಂಘ ಕಟ್ಟಿಕೊಂಡರು.

ಆ ಸಂಬಾರ ಪದಾರ್ಥಗಳು ಬಂದದ್ದೆಲ್ಲಿಂದ? ಲವಂಗ ಮೊಲುಕ್ಕ ದ್ವೀಪಗಳಿಂದ, ದಾಲ್ಚಿನ್ನಿ ಸಿಂಹಳದಿಂದ, ಶುಂಠಿ ಮತ್ತು ಮೆಣಸು ನಮ್ಮ ಪಶ್ಚಿಮ ಕರಾವಳಿಯಿಂದ. ಅರಬ್ಬೀ ವರ್ತಕರ ಹಡಗುಗಳಲ್ಲಿ ಕೆಂಪು ಸಮುದ್ರ ಸೇರಿ, ಅಲೆಕ್ಸಾಂಡ್ರಿಯ, ವೆನಿಸ್‌ಗಳನ್ನು ಹಾದು ಅವು ಜರ್ಮನಿ ತಲಪುತ್ತಿದ್ದವು. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ ಮೇಲೆ ಲಿಸ್ಬನ್ನಿನ ದಾರಿಯೂ ತೆರೆಯಿತು. 16ನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನಾಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಎಂದು ಕರೆದದ್ದು ಈ ವ್ಯಾಪಾರದ ಕಾರಣದಿಂದಲೇ. ಜರ್ಮನಿಯ ಕೆಲವು ಕಡೆ ಈ ತಿನಿಸಿಗೆ ಇಂದಿಗೂ 'ಮೆಣಸಿನ ಕೇಕು' ಎಂಬ ಅರ್ಥದ ಹೆಸರಿದೆ. ಜಿಂಜರ್ ಎಂಬ ಮಾತಿನ ಮೂಲ ಸಂಸ್ಕೃತದ 'ಶೃಂಗವೇರ', ಶುಗರ್ ಎಂಬುದರ ಮೂಲ 'ಶರ್ಕರಾ', ಕ್ಯಾಂಡಿಯ ಮೂಲ 'ಖಂಡ'. ವಸ್ತುವಿನ ಜೊತೆಗೆ ಹೆಸರೂ ಪ್ರಯಾಣ ಮಾಡಿತು ನೋಡಿ.

ಇನ್ನು ಅಲಂಕಾರ. ಸಕ್ಕರೆ ದುಬಾರಿಯಾಗಿದ್ದ ಕಾಲದಲ್ಲಿ ಕೆತ್ತಿದ ಮರದ ಅಚ್ಚುಗಳಲ್ಲಿ ಹಿಟ್ಟನ್ನು ಒತ್ತಿ ರಾಜ, ಸಂತ, ಕುದುರೆ, ಹೃದಯ ಮುಂತಾದ ಆಕಾರ ಕೊಡುತ್ತಿದ್ದರು. ಸಂಕ್ರಾಂತಿಗೆ ನಮ್ಮ ಮನೆಗಳಲ್ಲಿ ಸಕ್ಕರೆ ಅಚ್ಚು ಎರೆಯುವುದನ್ನು ಕಂಡವರಿಗೆ ಇದು ಹೊಸದೆನಿಸದು. ಇಂಗ್ಲೆಂಡಿನಲ್ಲಿ ಜಿಂಜರ್‌ಬ್ರೆಡ್ಡಿನ ಮೇಲೆ ಚಿನ್ನದ ರೇಕು ಅಂಟಿಸುವ ರೂಢಿಯೂ ಇತ್ತು.

ಬಿಳಿ ಸಕ್ಕರೆಯ ಕಥೆ ಅಷ್ಟು ಸಿಹಿಯಾದುದಲ್ಲ. ಬಹುಕಾಲ ಯೂರೋಪಿಗೆ ಸಕ್ಕರೆ ಬರುತ್ತಿದ್ದುದು ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಿಂದ. ಅಲ್ಲಿ ದುಡಿಯುತ್ತಿದ್ದವರು ಆಫ್ರಿಕದಿಂದ ಬಲಾತ್ಕಾರವಾಗಿ ತಂದ ಗುಲಾಮರು. 1747ರಲ್ಲಿ ಬರ್ಲಿನ್ನಿನ ಮಾರ್ಗ್‌ಗ್ರಾಫ್ ಎಂಬ ರಸಾಯನ ವಿಜ್ಞಾನಿ ಬೀಟ್ ಗೆಡ್ಡೆಯಲ್ಲಿಯೂ ಅದೇ ಸಕ್ಕರೆ ಇದೆಯೆಂದು ತೋರಿಸಿದ. ಅವನ ಶಿಷ್ಯ ಆಖಾರ್ಡ್ 1801ರಲ್ಲಿ ಸೈಲೀಸಿಯದಲ್ಲಿ ಬೀಟ್ ಸಕ್ಕರೆಯ ಮೊದಲ ಕಾರ್ಖಾನೆ ಸ್ಥಾಪಿಸಿದ. 19ನೆಯ ಶತಮಾನ ಮುಗಿಯುವ ವೇಳೆಗೆ ಜರ್ಮನಿಯಲ್ಲಿ ಸಕ್ಕರೆ ಸಾಮಾನ್ಯರ ಅಡುಗೆಮನೆಗೂ ಬಂದಿತ್ತು.

ಹಾಗಾದರೆ ತಿನ್ನುವ ತಿನಿಸು 'ಮನೆ' ಆದದ್ದು ಹೇಗೆ? 1812ರಲ್ಲಿ ಗ್ರಿಮ್ ಸಹೋದರರು ಪ್ರಕಟಿಸಿದ ಜನಪದ ಕಥಾಸಂಗ್ರಹದಲ್ಲಿ ಹ್ಯಾನ್ಸೆಲ್ ಮತ್ತು ಗ್ರೆಟೆಲ್ ಎಂಬ ಅಣ್ಣತಂಗಿಯರ ಕಥೆಯಿದೆ. ಮನೆಯಲ್ಲಿ ತಿನ್ನಲು ಏನೂ ಇಲ್ಲದೆ ಹೆತ್ತವರೇ ಅವರನ್ನು ಕಾಡಿನಲ್ಲಿ ಬಿಟ್ಟು ಬರುತ್ತಾರೆ. ದಾರಿ ತಪ್ಪಿದ ಮಕ್ಕಳಿಗೆ ಮಾಟಗಾತಿಯೊಬ್ಬಳ ಮನೆ ಕಾಣುತ್ತದೆ. ಗಮನಿಸಿ, ಆ ಮನೆಯ ಗೋಡೆ ಶುಂಠಿ ರೊಟ್ಟಿಯದಲ್ಲ, ಬರಿಯ ರೊಟ್ಟಿಯದು. ಮಾಡು ಕೇಕಿನದು, ಕಿಟಕಿ ಸಕ್ಕರೆಯದು. ಹಸಿದ ಮಗುವಿನ ಕನಸಿನಲ್ಲಿ ಮೊದಲು ಬರುವುದು ರೊಟ್ಟಿಯೇ ಅಲ್ಲವೇ? ಪುಸ್ತಕ ಬಂದು ನಾಲ್ಕು ವರ್ಷಗಳಲ್ಲಿಯೇ, 1816–17ರಲ್ಲಿ, ಬೆಳೆ ಕೆಟ್ಟು ಜರ್ಮನಿಯ ಹಲವು ಭಾಗಗಳಲ್ಲಿ ಕ್ಷಾಮ ತಲೆದೋರಿತು. ಆ ಕಾಲದ ಕೇಳುಗರಿಗೆ ಹಸಿವು ಕಟ್ಟುಕಥೆಯಾಗಿರಲಿಲ್ಲ. 1893ರಲ್ಲಿ ಹುಂಪರ್‌ಡಿಂಕ್ ಈ ಕಥೆಯನ್ನು ಸಂಗೀತನಾಟಕವಾಗಿಸಿದಾಗ ಲೇಬ್‌ಕೂಖೆನ್ ರಂಗದ ಮೇಲೂ ಬಂತು. ಕ್ರಿಸ್‌ಮಸ್ ಸಮಯದಲ್ಲಿ ಅದನ್ನು ಆಡುವ ಪದ್ಧತಿ ಬೆಳೆಯಿತು.

ನೀವೂ ಒಂದು ಮನೆ ಕಟ್ಟುವುದಾದರೆ ಕೆಲವು ಮಾತುಗಳು ನೆನಪಿರಲಿ. ಗಟ್ಟಿ ಬಿಸ್ಕತ್ತುಗಳೇ ನಿಮಗೆ ಗೋಡೆಯಾಗಬಹುದು. ನುಣ್ಣನೆಯ ಸಕ್ಕರೆ ಪುಡಿಗೆ ಕೆಲವೇ ಹನಿ ನಿಂಬೆರಸ ಹಾಕಿ ಕಲಸಿದರೆ ಗಾರೆ ಸಿದ್ಧ. ನೀರಿನಂಶ ಆರಿದಂತೆ ಸಕ್ಕರೆ ಗಟ್ಟಿಯಾಗಿ ಗೋಡೆಗಳನ್ನು ಹಿಡಿದುಕೊಳ್ಳುತ್ತದೆ. ಗೋಡೆ ಚೆನ್ನಾಗಿ ಆರದೆ ಮಾಡು ಏರಿಸಬೇಡಿ. ಹೆಂಚು ಹೊದಿಸುವವರು ಕೆಳಗಿನ ಸಾಲಿನಿಂದ ಆರಂಭಿಸುವಂತೆ ನೀವೂ ಬಾದಾಮಿ ಚೂರುಗಳನ್ನು ಕೆಳಗಿನಿಂದ ಮೇಲಕ್ಕೆ ಜೋಡಿಸಿ. ಬಣ್ಣದ ಪೆಪ್ಪರಮೆಂಟನ್ನು ಪುಡಿಮಾಡಿ, ಹಿರಿಯರ ನೆರವಿನಿಂದ ಕರಗಿಸಿ, ತೆಳುವಾಗಿ ಹರಡಿ ಆರಿಸಿದರೆ ಕಿಟಕಿಗೆ ಗಾಜಾಗುತ್ತದೆ. ಹಿಮ ಬೀಳದ ನಾಡಿನವರು ನಾವು; ಬಿಳಿಯ ಮಾಡೇ ಬೇಕೆಂದೇನಿಲ್ಲ. ನಡುವೆ ಅಂಗಳವಿರುವ ತೊಟ್ಟಿಮನೆಯೊಂದನ್ನು ಕಟ್ಟಿ ನೋಡಬಾರದೇಕೆ? ಆದರೆ ಮಳೆಗಾಲ ಬೇಡ. ಸಕ್ಕರೆ ತೇವ ಹೀರುತ್ತದೆ, ಮನೆ ಕುಸಿಯುತ್ತದೆ.

ಕೊನೆಗೊಂದು ಘಟನೆ. ನಾರ್ವೆಯ ಬರ್ಗೆನ್ ನಗರದಲ್ಲಿ 1991ರಿಂದ ಮಕ್ಕಳೂ ದೊಡ್ಡವರೂ ಸೇರಿ ಇಂತಹ ಮನೆಗಳದೇ ಒಂದು ಊರು ಕಟ್ಟುತ್ತ ಬಂದಿದ್ದಾರೆ. 2009ರ ನವೆಂಬರಿನಲ್ಲಿ ಯಾರೋ ಒಳನುಗ್ಗಿ ಅದನ್ನು ಪುಡಿಮಾಡಿದರು. ಜನ ಮತ್ತೆ ಹಿಟ್ಟು ಕಲಸಿದರು, ಮತ್ತೆ ಊರು ಕಟ್ಟಿದರು.

ಹಸಿದ ಮಕ್ಕಳ ಕಥೆಯಿಂದ ಹೊರಟ ಮನೆ ಇಂದು ಹಬ್ಬದ ಸಡಗರವಾಗಿದೆ. ನೀವು ಅದನ್ನು ಕಟ್ಟಿದ ದಿನ ಒಂದು ಚೂರನ್ನು ಪಕ್ಕದ ಮಗುವಿಗೆ ಮೊದಲು ಕೊಡಿ. ಹ್ಯಾನ್ಸೆಲ್, ಗ್ರೆಟೆಲರ ಕಥೆ ನಿಮಗೆ ಅರ್ಥವಾಯಿತೆಂದು ಆಗ ಹೇಳಬಹುದು.