ಚುಕ್ಕಿ ಇಡುವ ಮುಂಚೆ ಒಂದು ಮಾತು

ಬೇಸಿಗೆ ರಜೆ ಬಂತೆಂದರೆ ಚೆನ್ನೈನ ಬಡಾವಣೆಗಳಲ್ಲಿ ಮಕ್ಕಳ ಆರ್ಟ್ ಕ್ಲಾಸುಗಳ ಸುಗ್ಗಿ. ಒಂದು ದಿನ ವಾರ್ಲಿ, ಒಂದು ದಿನ ಮಧುಬನಿ, ಇನ್ನೊಂದು ದಿನ 'ಡಾಟ್ ಪೇಂಟಿಂಗ್'. ಕಪ್ಪು ಹಾಳೆಯ ಮೇಲೆ ಕಾಂಗರೂವನ್ನೋ ಹಲ್ಲಿಯನ್ನೋ ಬರೆದು, ಕಿವಿಗೆ ಹಾಕುವ ಬಡ್ಸನ್ನು ಬಣ್ಣದಲ್ಲಿ ಅದ್ದಿ, ಮೈತುಂಬ ಚುಕ್ಕಿ ಇಟ್ಟರೆ ಆಯಿತು. ಗಂಟೆಯೊಳಗೆ ಮುಗಿಯುತ್ತದೆ, ನೋಡಲು ಚೆಂದ, ಮನೆಗೆ ತಂದು ಫ್ರಿಜ್ಜಿಗೆ ಅಂಟಿಸಬಹುದು. 'ಇದು ಆಸ್ಟ್ರೇಲಿಯಾದ ಆದಿವಾಸಿಗಳ ಕಲೆ' ಅನ್ನುವ ಒಂದು ಸಾಲಿನಲ್ಲಿ ಇತಿಹಾಸದ ಪಾಠವೂ ಮುಗಿಯುತ್ತದೆ.

ಆದರೆ ಅದರ ಇತಿಹಾಸ ಒಂದು ಸಾಲಿನದ್ದಲ್ಲ. ವಿಶೇಷವೆಂದರೆ, ಮರಳಿನ ಮೇಲೂ ಮೈಮೇಲೂ ಬರೆಯುತ್ತಿದ್ದ ಬಹು ಹಳೆಯ ಚಿತ್ರಗಳು ಹಲಗೆ, ಕ್ಯಾನ್ವಾಸುಗಳಿಗೆ ಬಂದ ಕಥೆ ಶುರುವಾಗುವುದೂ ಒಂದು ಸ್ಕೂಲಿನಲ್ಲೇ.

ಆಸ್ಟ್ರೇಲಿಯಾದ ನಟ್ಟನಡುವೆ ಆಲಿಸ್ ಸ್ಪ್ರಿಂಗ್ಸ್ ಅಂತ ಊರಿದೆ. ಅಲ್ಲಿಂದ ಸುಮಾರು 240 ಕಿ.ಮೀ. ದೂರದ ಮರುಭೂಮಿಯಲ್ಲಿ ಪಪುನ್ಯ. ಪಿಂಟುಪಿ, ಲುರಿಟ್ಜ, ವಾರ್ಲ್‌ಪಿರಿ ಮುಂತಾದ ಬೇರೆ ಬೇರೆ ಜನಗಳನ್ನು ಅವರವರ ನೆಲದಿಂದ ಕರೆತಂದು, ಬಿಳಿಯರ ರೀತಿನೀತಿ ಕಲಿಸಲೆಂದು ಸರ್ಕಾರ ಕಟ್ಟಿದ ವಸತಿ ಅದು. 1971ರಲ್ಲಿ ಅಲ್ಲಿಗೆ ಜೆಫ್ರಿ ಬಾರ್ಡನ್ ಎಂಬ ಮೇಷ್ಟ್ರು ಬಂದರು. ಕ್ಲಾಸಿನಲ್ಲಿ ಮಕ್ಕಳು ಬರೆಯುತ್ತಿದ್ದದ್ದು ಸಿನಿಮಾದ ಕೌಬಾಯ್‌ಗಳನ್ನು. ಅದೇ ಮಕ್ಕಳು ಹೊರಗೆ ಮರಳಿನ ಮೇಲೆ ಬೆರಳಾಡಿಸಿ ಬೇರೆಯದೇ ಗುರುತುಗಳನ್ನು ಹಾಕುತ್ತಿದ್ದರು. 'ಅದನ್ನೇ ಬರೆಯಿರಿ' ಅಂತ ಮೇಷ್ಟ್ರು ಹುರಿದುಂಬಿಸಿದರು.

ಮಕ್ಕಳ ಹಿಂದೆ ಊರ ಹಿರಿಯರೂ ಬಂದರು. ಅದೇ ವರ್ಷ ಸ್ಕೂಲಿನ ಗೋಡೆಯ ಮೇಲೆ ಜೇನಿರುವೆಯ ಕಥೆಯನ್ನು ದೊಡ್ಡದಾಗಿ ಬರೆದರು. ಕಾಪಾ ಜಾಂಪಿಜಿನ್ಪ ಎಂಬುವರು ಮೊದಲು ಪುಸ್ತಕದಲ್ಲಿರುವಂಥ ಇರುವೆಗಳನ್ನೇ ಬಿಡಿಸಿದ್ದರಂತೆ. ಇದು ನಿಮ್ಮ ಇರುವೆಯೋ ಬಿಳಿಯರ ಇರುವೆಯೋ ಅಂತ ಬಾರ್ಡನ್ ಕೇಳಿದ ಮೇಲೆ ಅಳಿಸಿ ತಮ್ಮ ಗುರುತುಗಳಲ್ಲಿ ಬರೆದರು. 1972ರಲ್ಲಿ ಚಿತ್ರಕಾರರೇ ಮಾಲೀಕರಾದ 'ಪಪುನ್ಯ ತುಲಾ' ಕಂಪನಿ ಹುಟ್ಟಿತು. ಆದರೆ 1974ರಲ್ಲಿ ಸ್ಕೂಲಿನ ಆ ಗೋಡೆಗೆ ಸುಣ್ಣಬಣ್ಣ ಬಳಿದು ಚಿತ್ರವನ್ನು ಮುಚ್ಚಿಬಿಟ್ಟರು. ಈಗ ಉಳಿದಿರುವುದು ಫೋಟೋಗಳು ಮಾತ್ರ.

ಆ ಗುರುತುಗಳ ಅರ್ಥ ಏನು? ಪೂರ್ವಜರು ನೆಲದ ಮೇಲೆ ನಡೆಯುತ್ತ ಬೆಟ್ಟ, ಬಂಡೆ, ನೀರಿನ ಹೊಂಡಗಳನ್ನು ಉಂಟುಮಾಡಿದರೆಂಬ ಕಥೆಗಳು ಅವರಲ್ಲಿವೆ. ಇಂಗ್ಲಿಷಿನವರು ಇದಕ್ಕೆ ಡ್ರೀಮಿಂಗ್ ಅಂದರು. ಸುತ್ತು ಸುತ್ತಾದ ವೃತ್ತ ನೀರಿನ ಹೊಂಡವೋ ಬಿಡಾರವೋ ಆಗಬಹುದು. ಲಾಳದ ಆಕಾರವೆಂದರೆ ಕುಳಿತ ಮನುಷ್ಯ. ಇಡೀ ಚಿತ್ರ ಮೇಲಿನಿಂದ ನೋಡಿದ ಊರಿನ ನಕ್ಷೆ. ಒಂದೊಂದು ಕಥೆಗೂ ವಾರಸುದಾರರಿದ್ದಾರೆ, ಅವರನ್ನು ಕೇಳದೆ ಬೇರೆಯವರು ಬರೆಯುವಂತಿಲ್ಲ. ನಮ್ಮಲ್ಲಿ ಜಮೀನಿಗೆ ಪಹಣಿ ಇದ್ದ ಹಾಗೆ ಅವರಿಗೆ ಈ ಕಥೆ.

ಮೊದಲ ಹಲಗೆಗಳಲ್ಲಿ ಹೊರಗಿನವರು ನೋಡಬಾರದ ಗುಟ್ಟಿನ ಗುರುತುಗಳೂ ಬಂದುಬಿಟ್ಟಿದ್ದವು. ಪ್ರದರ್ಶನಕ್ಕಿಟ್ಟಾಗ ಅಕ್ಕಪಕ್ಕದ ಜನರಿಂದ ಆಕ್ಷೇಪ ಬಂತು. ಆಮೇಲೆ ಚಿತ್ರಕಾರರು ಅಂಥ ಗುರುತುಗಳನ್ನು ಬಿಟ್ಟರು, ಕೆಲವನ್ನು ಚುಕ್ಕಿಗಳಿಂದ ಮುಚ್ಚಿದರು. ಹಾಳೆ ತುಂಬ ಚುಕ್ಕಿ ಹರಡಲು ಇದೂ ಒಂದು ಕಾರಣ. ಅಂದರೆ, ನಾವು ಅಲಂಕಾರ ಅಂದುಕೊಂಡದ್ದು ಕೆಲವು ಕಡೆ ಎಳೆದ ಪರದೆ!

ಇನ್ನು ನನ್ನ ಕಸುಬಿನ ಕಡೆಯಿಂದ ಎರಡು ಲೆಕ್ಕ. 1966ರಲ್ಲಿ ಆಸ್ಟ್ರೇಲಿಯಾ ಹೊಸ ಒಂದು ಡಾಲರ್ ನೋಟು ತಂದಿತು. ಅದರ ಹಿಂಬದಿಯಲ್ಲಿದ್ದದ್ದು ಉತ್ತರದ ಆರ್ನೆಮ್ ಲ್ಯಾಂಡ್‌ನ ಡೇವಿಡ್ ಮಲಂಗಿ ಅವರ ಮರದ ತೊಗಟೆಯ ಚಿತ್ರ. (ಅಲ್ಲಿ ಚುಕ್ಕಿಗಿಂತ ನವಿರು ಗೆರೆಗಳೇ ಮುಖ್ಯ. ಆದಿವಾಸಿ ಕಲೆಯೆಲ್ಲ ಚುಕ್ಕಿಯಲ್ಲ.) ಯಾರೋ ಹೆಸರಿಲ್ಲದ ಹಳೇ ಕಾಲದವರು ಬರೆದದ್ದೆಂದು ಭಾವಿಸಿ ಅಧಿಕಾರಿಗಳು ಅವರನ್ನು ಕೇಳಿಯೇ ಇರಲಿಲ್ಲ. ವಿಷಯ ಹೊರಬಿದ್ದ ಮೇಲೆ ರಿಸರ್ವ್ ಬ್ಯಾಂಕ್ ಗವರ್ನರ್ ಕೂಂಬ್ಸ್ ಅವರಿಗೆ 1,000 ಡಾಲರ್, ಒಂದು ಪದಕ, ಮೀನು ಹಿಡಿಯುವ ಸಾಮಾನು ಕೊಟ್ಟರು.

ಎರಡನೆಯದು, ಕ್ಲಿಫರ್ಡ್ ಪಾಸಮ್ ಜಪಲ್‌ಜಾರಿ 1977ರಲ್ಲಿ ಬರೆದ 'ವಾರ್ಲುಗುಲಾಂಗ್'. ಕಾಮನ್‌ವೆಲ್ತ್ ಬ್ಯಾಂಕ್ ಅದನ್ನು 1,200 ಡಾಲರಿಗೆ ಕೊಂಡು ತನ್ನ ತರಬೇತಿ ಕೇಂದ್ರದ ಕ್ಯಾಂಟೀನಿನಲ್ಲಿ ತೂಗುಹಾಕಿತ್ತು. 2007ರಲ್ಲಿ ಅದೇ ಚಿತ್ರ 24 ಲಕ್ಷ ಡಾಲರಿಗೆ ಹರಾಜಾಯಿತು. ಬರೆದವರು 2002ರಲ್ಲೇ ತೀರಿಕೊಂಡಿದ್ದರು. ಮರುಮಾರಾಟದಲ್ಲಿ ಕಲಾವಿದರಿಗೆ ಶೇ. 5 ಪಾಲು ಕೊಡುವ ಕಾನೂನು ಅಲ್ಲಿ ಜಾರಿಗೆ ಬಂದದ್ದು 2010ರಲ್ಲಿ. ಹೆಸರು ಹೇಳದೆ ಕಲೆ ಕಲಿಸಿದರೆ ಏನು ನಷ್ಟ ಅನ್ನುವವರಿಗೆ ಈ ಎರಡು ಲೆಕ್ಕ ಸಾಕು.

ಈಗ ನಮ್ಮ ಚೆನ್ನೈಗೆ ಬನ್ನಿ. ಚುಕ್ಕಿಗೆ ಇಲ್ಲಿ ಬರವೇ? ಮಾರ್ಗಳಿ ತಿಂಗಳಲ್ಲಿ ಮೈಲಾಪುರದ ಬೀದಿಗಳಲ್ಲಿ ಬೆಳಗ್ಗೆ ಓಡಾಡಿ ನೋಡಿ. ಮೊದಲು ಪುಳ್ಳಿ, ಅಂದರೆ ಚುಕ್ಕಿ. ಆಮೇಲೆ ಅದನ್ನು ಬಳಸಿ ಸುತ್ತುವ ಎಳೆ. ಪಪುನ್ಯದಲ್ಲಿ ಚುಕ್ಕಿ ಮುಚ್ಚಿದರೆ ಇಲ್ಲಿ ಚುಕ್ಕಿ ದಾರಿ ತೋರಿಸುತ್ತದೆ. ಇದರಲ್ಲಿರುವ ಗಣಿತವನ್ನು ಗುರುತಿಸಿದವರೂ ಈ ಊರಿನವರೇ. ತಾಂಬರಂನ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮನಿ, ರಾಣಿ ಸಿರೊಮನಿ ದಂಪತಿಗಳು ಕಮಲಾ ಕೃತಿವಾಸನ್ ಅವರ ಜೊತೆ ಸೇರಿ 1974ರಲ್ಲಿ ಕೋಲಂ ಬಗ್ಗೆ ಕಂಪ್ಯೂಟರ್ ವಿಜ್ಞಾನದ ಪ್ರಬಂಧವನ್ನೇ ಪ್ರಕಟಿಸಿದರು. ಭಾಷೆಗೆ ವ್ಯಾಕರಣ ಇದ್ದಂತೆ ಕೋಲಂಗೂ ಇದೆ ಅಂತ ತೋರಿಸಿದರು. ಪಪುನ್ಯದ ಗೋಡೆಗೆ ಬಣ್ಣ ಬಳಿದದ್ದೂ ಅದೇ ವರ್ಷ!

ನಮ್ಮ ಕಡೆಗೂ ಇದೆಯಲ್ಲ. ನೇರ ಚುಕ್ಕಿ, ಸಂದು ಚುಕ್ಕಿ ಅಂತ ಎಣಿಸಿ ಅಮ್ಮಂದಿರು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡ ರಂಗೋಲಿಗಳು. ಸಾಗರದ ಕಡೆ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಗೆ, ಭೂಮಿ ಹುಣ್ಣಿಮೆಯ ಬುಟ್ಟಿಗೆ ಬರೆಯುವ ಚಿತ್ತಾರ. ಅಕ್ಕಿ ಅರೆದ ಬಿಳಿ, ಅಕ್ಕಿ ಹುರಿದು ಕರಕಲಾದ ಕಪ್ಪು, ಗುರಿಗೆ ಬೀಜದ ಹಳದಿ, ಪುಂಡಿ ನಾರಿನ ಕುಂಚ. ಚೆನ್ನೈನ ಫ್ಲಾಟುಗಳಲ್ಲಿ ನಾವೇನು ಮಾಡಿದ್ದೇವೆ? ಹೊಸ್ತಿಲ ಮುಂದೆ ಸ್ಟಿಕರ್ ಅಂಟಿಸಿದ್ದೇವೆ. ಮಗು ಡಾಟ್ ಪೇಂಟಿಂಗ್ ಕಲಿಯಲು ಫೀಸು ಕೊಟ್ಟು ಹೋಗುವಾಗ ಆ ಸ್ಟಿಕರ್ ದಾಟಿಯೇ ಹೋಗುತ್ತದೆ.

ಹಾಗಂತ ಬೇರೆಯವರ ಕಲೆ ಕಲಿಸಬೇಡಿ ಅಂತ ಹೇಳುತ್ತಿಲ್ಲ. ಊರು ಬಿಟ್ಟು ಬಂದ ನಾವು ಪಕ್ಕದ ಮನೆಯವರಿಂದ ಕೋಲಂ ಕಲಿಯದೆ ಇರುವುದಕ್ಕಾಗುತ್ತದೆಯೇ? ಆದರೆ ಕ್ಲಾಸಿನಲ್ಲಿ ಪಪುನ್ಯದ ಹೆಸರು ಬರಲಿ, ಒಬ್ಬ ಚಿತ್ರಕಾರರ ಹೆಸರು ಬರಲಿ, ಅವರ ಒಂದು ಚಿತ್ರವನ್ನು ಮಕ್ಕಳು ನೋಡಲಿ. ಅವರ ಗುರುತುಗಳನ್ನು ನಕಲು ಮಾಡಿಸುವ ಬದಲು, 'ನಿನ್ನ ಮನೆಯಿಂದ ಸ್ಕೂಲಿಗೆ ಹೋಗುವ ದಾರಿಯನ್ನು ಮೇಲಿನಿಂದ ನೋಡಿದ ಹಾಗೆ ಬರಿ, ಗುರುತುಗಳನ್ನು ನೀನೇ ಮಾಡಿಕೋ' ಅನ್ನಿ. ಬಸ್ ಸ್ಟಾಪು, ದೇವಸ್ಥಾನದ ಕೊಳ, ಎಳನೀರಿನ ಗಾಡಿ, ಸಮುದ್ರ ಎಲ್ಲಾ ಬರುತ್ತವೆ. ಬಾರ್ಡನ್ ಮೇಷ್ಟ್ರು ಪಪುನ್ಯದ ಮಕ್ಕಳಿಗೆ ಹೇಳಿದ್ದೂ ಇಷ್ಟೇ ತಾನೆ, ನಿಮ್ಮದನ್ನು ಬರೆಯಿರಿ ಅಂತ.

ಮನೆಯಲ್ಲಿ ಹಳೇ ರಂಗೋಲಿ ಪುಸ್ತಕ ಇದ್ದರೆ ಹುಡುಕಿ ತೆಗೆಯಿರಿ. ಅಟ್ಟದ ಮೇಲಿನ ಟ್ರಂಕಿನಲ್ಲಿ ಇದ್ದೇ ಇರುತ್ತದೆ. ಎಷ್ಟು ಚುಕ್ಕಿ, ಎಷ್ಟು ಸಾಲು, ಯಾರು ಬರೆದದ್ದು ಅಂತ ಮಕ್ಕಳಿಗೆ ಹೇಳಿ. ಹೆಸರನ್ನು ಮಾತ್ರ ಮರೆಯಬೇಡಿ.