ಪದಲೆಕ್ಕದ ದುಡಿಮೆ

ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರೂ ಕಥೆಯ ಒಂದೊಂದು ಪಾತ್ರ ವಹಿಸಿಕೊಂಡು, ನಿರೂಪಕ ಕಟ್ಟಿಕೊಡುವ ಸನ್ನಿವೇಶದಲ್ಲಿ ದಾಳ ಉರುಳಿಸುತ್ತ ಸಾಗುವ ಪಾತ್ರಾಭಿನಯದ ಆಟವು ಉದ್ಯಮವಾಗಿ ತಲೆಯೆತ್ತಿದ್ದು 1974ರಲ್ಲಿ, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಲ್ಲಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ಮೊದಲ ಸಾವಿರ ಪ್ರತಿಗಳನ್ನು ಟಿಎಸ್‌ಆರ್ ಸಂಸ್ಥೆಯು ಕೈಯಿಂದಲೇ ಪೆಟ್ಟಿಗೆಗೆ ತುಂಬಿಸಿ, ತಲಾ 10 ಡಾಲರ್‌ಗೆ ಮಾರಿತು. ಹವ್ಯಾಸಿಗಳು ಹವ್ಯಾಸಿಗಳಿಗಾಗಿ ಮಾಡಿದ ಈ ಕೆಲಸದಲ್ಲಿ ಸಂಭಾವನೆಯ ಮಾತು ಹಿಂದೆ ಸರಿದದ್ದು ಸಹಜವೇ. ಆದರೆ ವ್ಯಾಪಾರ ಬೆಳೆದ ಮೇಲೂ ಆ ರೂಢಿ ಉಳಿದುಕೊಂಡದ್ದು ಅನ್ಯಾಯ.

ಆರ್ನೆಸನ್‌ಗೇ ಇದರ ಬಿಸಿ ತಟ್ಟಿತು. ಆಟದ ‘ಅಡ್ವಾನ್ಸ್‌ಡ್’ ಆವೃತ್ತಿ ಗೈಗ್ಯಾಕ್ಸ್ ಒಬ್ಬರ ಹೆಸರಿನಲ್ಲಿ ಹೊರಬಂದಾಗ, ರಾಯಲ್ಟಿಗಾಗಿ, ಅಂದರೆ ಮಾರಾಟದಲ್ಲಿ ಕರ್ತೃವಿಗೆ ಸಲ್ಲುವ ಪಾಲಿಗಾಗಿ, ಅವರು 1979ರಲ್ಲಿ ದಾವೆ ಹೂಡಬೇಕಾಯಿತು. ಅದು ರಾಜಿಯಲ್ಲಿ ಮುಗಿದದ್ದು 1981ರಲ್ಲಿ.

ಅನಂತರ ಬಂದ ಬಹುಪಾಲು ಬರಹಗಾರರಿಗೆ ಹಾಗೆ ಕೇಳುವ ಹಕ್ಕೂ ಇರಲಿಲ್ಲ, ಏಕೆಂದರೆ ಹಣ ಕೊಟ್ಟು ಬರೆಸಿದ ಸಂಸ್ಥೆಯನ್ನೇ ಕೃತಿಸ್ವಾಮ್ಯದ ಒಡೆಯನೆಂದು ಒಪ್ಪುವ ಕರಾರಿಗೆ ಸಹಿ ಹಾಕಿ, ಪದಕ್ಕೆ ಇಷ್ಟು ಸೆಂಟು ಎಂಬ ದರದಲ್ಲಿ ಅವರು ಬರೆಯುತ್ತಿದ್ದರು. ಈ ದರವು ಕಥೆಗೆ ಒಗ್ಗಬಹುದಾದರೂ ಆಟದ ನಿಯಮಕ್ಕೆ ಒಗ್ಗುವುದಿಲ್ಲ. ಪದಕ್ಕೆ ಐದು ಸೆಂಟು ಎಂದಿಟ್ಟುಕೊಂಡರೆ, ಒಂದು ರಾಕ್ಷಸ ಪ್ರಾಣಿಯ ಬಲ, ವೇಗ, ಹೊಡೆತಗಳ ಅಂಕಿಅಂಶವನ್ನು ಇನ್ನೂರು ಪದಗಳಲ್ಲಿ ಅಡಕಗೊಳಿಸಿದವನಿಗೆ ಸಿಗುವುದು 10 ಡಾಲರ್ ಮಾತ್ರ. ಆ ಅಂಕಿಗಳು ಆಟದಲ್ಲಿ ಸರಿಹೊಂದುತ್ತವೆಯೇ ಎಂದು ಮತ್ತೆ ಮತ್ತೆ ಆಡಿ ನೋಡಿದ ಸಂಜೆಗಳು ಲೆಕ್ಕಕ್ಕೇ ಬರುವುದಿಲ್ಲ. ತಿದ್ದಿ ತೀಡಿ ನಿಯಮವನ್ನು ಚಿಕ್ಕದಾಗಿಸಿದಷ್ಟೂ ಆಟಗಾರನಿಗೆ ಅನುಕೂಲ, ಬರೆದವನಿಗೆ ನಷ್ಟ.

2021ರಲ್ಲಿ ‘ಪಾತ್‌ಫೈಂಡರ್’ ಆಟದ ಪ್ರಕಾಶಕರಾದ ಪೈಜೊ ಸಂಸ್ಥೆಯ ನೌಕರರು ಸಂಘ ಕಟ್ಟಿದಾಗ, ಹೊರಗಿನಿಂದ ಬರೆದುಕೊಡುತ್ತಿದ್ದ ಹಲವರು ಕೆಲಸ ನಿಲ್ಲಿಸಿ ಅವರ ಬೆನ್ನಿಗೆ ನಿಂತರು. ಅದೇ ಅಕ್ಟೋಬರ್‌ನಲ್ಲಿ ಸಂಸ್ಥೆ ಸಂಘಕ್ಕೆ ಮಾನ್ಯತೆ ನೀಡಿತು. ಆದರೆ ಅಮೆರಿಕದ ಕಾರ್ಮಿಕ ಕಾನೂನು 1947ರ ತಿದ್ದುಪಡಿಯಲ್ಲಿ ಸ್ವತಂತ್ರ ಗುತ್ತಿಗೆದಾರರನ್ನು ನೌಕರರ ವ್ಯಾಖ್ಯೆಯಿಂದ ಹೊರಗಿಟ್ಟಿರುವುದರಿಂದ, ಹಾಗೆ ಬೆನ್ನಿಗೆ ನಿಂತವರ ದರವು ಆ ಸಂಘದ ಚೌಕಾಸಿಯ ವ್ಯಾಪ್ತಿಗೆ ಬರಲಿಲ್ಲ.